ನೇರಳೆ ಗಿಡಕ್ಕೆ ಎರಡು ರೇಟು

“ಇನ್ನೊಬ್ಬಂವ ಸಾವಿರದ ಐದನೂರಕ್ಕ ಒಪ್ಯಾನ, ನೀವ್ಯಾಕ್ರಿ ಮೂರು ಪಟ್ಟು ಹೇಳ್ತೀರಿ?”

ಬೆಳಗಾವಿ ತಿಲಕವಾಡಿಯ ಹಿತ್ತಲಲ್ಲಿ ಮನೆ ಯಜಮಾನರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಲು ಇನ್ನೆರಡು ವಾರವಿತ್ತು. ನೇರಳೆಯ ಮೂರು ಟೊಂಗೆ ಹಂಚಿನ ಮಾಡಿನ ಮೇಲೆ ಚಾಚಿದ್ದವು. ಅವನ್ನು ಕೊಯ್ದು ಇಳಿಸುವುದು ನಮ್ಮ ಕೆಲಸ.

ಲೆಕ್ಕ ಬಿಡಿಸಿ ಹೇಳಿದೆವು. ಗಿಡ ಹತ್ತುವವನ ಪಗಾರ 1,800, ಕೆಳಗಿನ ಇಬ್ಬರಿಗೆ 700ರಂತೆ 1,400, ಗರಗಸದ ಪೆಟ್ರೋಲು, ಎಣ್ಣೆ, ಚೈನಿನ ಸಾಣೆಗೆ 300, ಸೊಪ್ಪು ಸದೆ ಸಾಗಿಸುವ ಟೆಂಪೊಕ್ಕೆ 900. ಒಟ್ಟು 4,400 ರೂಪಾಯಿ. 1,500ರಲ್ಲಿ ಇರುವುದು ಹತ್ತುವವನೊಬ್ಬನೇ. ಟೊಂಗೆ ಇಳಿಸುವ ಹಗ್ಗ ಹಿಡಿಯಲು ಮನೆಯ ಹುಡುಗ, ಕಸ ಹಿತ್ತಲಲ್ಲೇ.

ವ್ಯತ್ಯಾಸವೆಲ್ಲ ಆ ಹಗ್ಗದಲ್ಲಿದೆ. ಎಂಟು ಇಂಚು ದಪ್ಪ, ಹತ್ತು ಅಡಿ ಉದ್ದದ ಹಸಿ ತುಂಡು ಹೆಚ್ಚುಕಡಿಮೆ 90 ಕೆಜಿ ತೂಗುತ್ತದೆ. ಎರಡಡಿ ಜಾರಿ ಹಗ್ಗಕ್ಕೆ ಬಿದ್ದರೆ ಜಗ್ಗು ಅದರ ಹಲವು ಪಟ್ಟು. ಅದಕ್ಕೇ ಮೇಲಿನ ಗಟ್ಟಿ ಕವಲಿನಿಂದ ಹಗ್ಗ ಹಾಯಿಸಿ, ಬುಡಕ್ಕೆ ಮೂರು ಸುತ್ತು ಹಾಕಿ ಸಡಿಲಿಸುತ್ತ ಇಳಿಸಬೇಕು. ಕೈಗೆ ಸುತ್ತಿಕೊಂಡರೆ ಬೆರಳು ಹೋಗುತ್ತವೆ. ಹತ್ತಿದವನ ಹಗ್ಗವೂ ಇಳಿಸುವ ಹಗ್ಗವೂ ಒಂದರ ಮೇಲೊಂದು ಉಜ್ಜಬಾರದು. ನೈಲಾನ್ ಬಿಸಿಯಾಗಿ ಕರಗಿ ಕಡಿಯುತ್ತದೆ.

ನೇರಳೆಯ ಸ್ವಭಾವ ಬೇರೆ. ಹುಣಸೆ ಬಾಗುತ್ತದೆ, ನೇರಳೆ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಹಾಗಾಗಿ ಕೊಯ್ಯುವ ಟೊಂಗೆಯ ಮೇಲೆ ಭಾರ ಬಿಡುವಂತಿಲ್ಲ. ಬೊಡ್ಡೆಯಿಂದ ಒಂದಡಿ ಆಚೆ, ಮೊದಲು ಕೆಳಗಿನಿಂದ ಕಾಲು ಭಾಗ ಕೊಯ್ಯಬೇಕು. ಅದಕ್ಕಿಂತ ಎರಡಿಂಚು ಹೊರಗೆ ಮೇಲಿನ ಕೊಯ್ತ. ಟೊಂಗೆ ಇಳಿದ ಮೇಲೆ ಉಳಿದ ಮೋಟನ್ನು, ಟೊಂಗೆ ಬೊಡ್ಡೆಗೆ ಕೂಡುವಲ್ಲಿನ ಉಬ್ಬಿಗೆ ತಾಗದಂತೆ ತೆಗೆಯಬೇಕು. ಕೆಳಗಿನ ಕೊಯ್ತ ಬಿಟ್ಟರೆ ಟೊಂಗೆ ಬೀಳುವಾಗ ಬೊಡ್ಡೆಯ ತೊಗಟೆ ಗೇಣುಗಟ್ಟಲೆ ಸುಲಿದುಕೊಂಡು ಬರುತ್ತದೆ. ಕೊಳೆ ಹಿಡಿಯುವುದು ಅಲ್ಲಿಂದಲೇ. ಗರಗಸದಿಂದ ಚೂರು ಉದುರುವ ಬದಲು ಹಿಟ್ಟಿನಂಥ ಪುಡಿ ಬಂದರೆ ಚೈನು ಮೊಂಡಾಗಿದೆ ಎಂದರ್ಥ, ಇಳಿದು ಸಾಣೆ ಹಿಡಿಯಬೇಕು. ಆ ಕಾಲು ತಾಸೂ ಪಗಾರದಲ್ಲೇ.

ಕಬ್ಬಿನ ಕಟಾವು ಮುಗಿದ ಮೇಲೆ ಕೈ ಖಾಲಿಯಿದ್ದವರು ಕೊಡಲಿ ಹಿಡಿದು ಬರುತ್ತಾರೆ. ಅವರ ಮೇಲೆ ಸಿಟ್ಟಿಲ್ಲ, ಹೊಟ್ಟೆಪಾಡು. ತಕರಾರು ಇರುವುದು “ಕಟಗಿ ನಮಗ ಕೊಡ್ರಿ, ಪಗಾರ ಬ್ಯಾಡ” ಅನ್ನುವವರ ಮೇಲೆ. ಪುಕ್ಕಟೆಯ ಕೆಲಸದಲ್ಲಿ ಯಾವ ಟೊಂಗೆ ಕಡಿಯಬೇಕೆಂದು ನಿರ್ಧರಿಸುವುದು ಸೌದೆಯ ತೂಕ. ಮಾಡಿಗೆ ತಾಗುವ ತೆಳ್ಳನೆಯ ರೆಂಬೆ ಹಾಗೇ ಇರುತ್ತದೆ, ಒಂದು ಕಡೆಯ ದಪ್ಪ ಟೊಂಗೆಗಳೆಲ್ಲ ಹೋಗುತ್ತವೆ. ಗಿಡ ಇನ್ನೊಂದು ಕಡೆ ವಾಲಿ, ಮೊದಲ ಗಾಳಿಮಳೆಗೇ ಬುಡ ಅಲ್ಲಾಡುತ್ತದೆ. ಇನ್ನು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಟೊಂಗೆ ಸವರುವುದೂ ಗಿಡ ಕಡಿದ ಲೆಕ್ಕಕ್ಕೇ ಬರುತ್ತದೆ. ಅನುಮತಿ ಕಾಗದ ಕೇಳದೆ ಹತ್ತುವವನು ತನ್ನ ಕೆಲಸ ಮುಗಿಸಿ ಹೋಗುತ್ತಾನೆ, ಉತ್ತರ ಕೊಡಬೇಕಾದವರು ಮನೆಯವರು.

ಮಿರಗ ಕೂಡಿದರೆ ತೊಗಟೆ ಜಾರುತ್ತದೆ, ವಾರಗಟ್ಟಲೆ ಕೆಲಸವಿಲ್ಲ. 1,800ರಲ್ಲಿ ಆ ಖಾಲಿ ದಿನಗಳ ಪಾಲೂ ಇದೆ. ಇದನ್ನು ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ.

ಮೂರನೆಯ ಟೊಂಗೆ ಇಳಿದಾಗ ನಾಲ್ಕು ಗಂಟೆ. ಎರಡು ಹಂಚು ಬಿರಿದಿದ್ದವು. ಅದರ ರೊಕ್ಕ ಮುರಿದುಕೊಂಡೇ ಪಡೆದೆವು. ಅದೇ ಹಿತ್ತಲಿನ ಎರಡು ತೆಂಗಿಗೆ ಮಾತ್ರ, “ಆ ಇನ್ನೊಬ್ಬನನ್ನೇ ಕರೀರಿ” ಎಂದೆವು. ಕೆಳಗೆ ಬಯಲು ಜಾಗ, ಹತ್ತಿ ಒಣ ಗರಿ ಇಳಿಸುವುದು ಒಬ್ಬನ ಕೆಲಸ. ಅದಕ್ಕೂ ಮೂವರ ಪಗಾರ ಕೇಳಿದರೆ ಸುಲಿಗೆಯಾಗುತ್ತದೆ.