ಪಿ.ಬಿ.ಎಸ್. ಪ್ಲೇಟುಗಳು: ಕೆಲಸ ಎಲ್ಲಿಗೆ ಬಂತು

ಹಿನ್ನೆಲೆ ಗಾಯಕ ಪಿ.ಬಿ. ಶ್ರೀನಿವಾಸ್ (ಪಿ.ಬಿ.ಎಸ್.) ಅವರ ಹಳೇ ಗ್ರಾಮಫೋನ್ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಮಳೆಗಾಲದಲ್ಲಿ ನಿಂತೇ ಹೋಗಿತ್ತು. ಈಗ ಮತ್ತೆ ಕೈಗೆತ್ತಿಕೊಂಡಿದ್ದೇವೆ. 45ರ ಪ್ಲೇಟುಗಳು, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವವು, ಬಹುಪಾಲು ಮುಗಿದವು. 78 ಸುತ್ತಿನ 78ರವು ಅರ್ಧದಲ್ಲಿವೆ. ಜೊತೆಗೆ ಶುರು ಮಾಡಿದ್ದ, ಕೇಳುಗರ ನೆನಪುಗಳನ್ನು ಬರೆದಿಡುವ ನೆನಪಿನ ಪುಸ್ತಕ ಮಾತ್ರ ಹೇಳದೆ ಕೇಳದೆ ದಪ್ಪ ಆಗ್ತಾ ಇದೆ.

ಹೊಸದಾಗಿ ಸೇರಿದವರಿಗೆ ಎರಡು ಮಾತು. ಪಿ.ಬಿ.ಎಸ್. ತೀರಿಕೊಂಡಿದ್ದು 2013ರ ಏಪ್ರಿಲ್ 14ರಂದು, ಚೆನ್ನೈನಲ್ಲಿ. ಆಗ ಅವರಿಗೆ 82. ರಾಜ್‌ಕುಮಾರ್ ಹೋಗಿದ್ದು 2006ರ ಏಪ್ರಿಲ್ 12ರಂದು. ಹಾಡಿದವರದ್ದೂ ತೆರೆ ಮೇಲೆ ಆ ಹಾಡಿಗೆ ತುಟಿ ಆಡಿಸಿದವರದ್ದೂ ಪುಣ್ಯತಿಥಿ ಎರಡೇ ದಿನದ ಅಂತರದಲ್ಲಿ ಬರುತ್ತದೆ. 12ಕ್ಕೆ ಊರೆಲ್ಲ ಅಣ್ಣಾವ್ರ ಫೋಟೊ, ಹೂವಿನ ಹಾರ, ಅನ್ನದಾನ. 14ಕ್ಕೆ ಅಂಬೇಡ್ಕರ್ ಜಯಂತಿಯ ರಜೆ. ಆ ರಜೆಯ ಮಧ್ಯಾಹ್ನ ಚಾಮರಾಜಪೇಟೆಯ ಒಂದು ಮನೆಯ ಮಹಡಿಯಲ್ಲಿ ನಾವೊಂದಿಷ್ಟು ಜನ ಸೇರಿ ಪ್ಲೇಟು ಹಾಕಿ ಕೇಳುತ್ತಿದ್ದೆವು. ಪ್ರತಿ ಸಲ ಯಾವುದಾದರೂ ಒಂದರಲ್ಲಿ ಹೊಸ ಗೀರು ಕಾಣುತ್ತಿತ್ತು. ಪೂರ್ತಿ ಸವೆಯುವ ಮುಂಚೆ ಇಳಿಸಿಬಿಡೋಣ ಅಂತ ಶುರುವಾಗಿದ್ದೇ ಈ ಕೆಲಸ.

ಮೊದಲು 78ರ ಸಮಾಚಾರ. ಈ ಪ್ಲೇಟು ಅರಗಿನದು (ಶೆಲಾಕ್). ಅರಗಿಗೆ ಕಲ್ಲಿನ ಪುಡಿ ಬೆರೆಸಿ ಒತ್ತಿರುತ್ತಾರೆ. ಅದಕ್ಕೇ ಹೊಚ್ಚ ಹೊಸದಾಗಿದ್ದಾಗಲೂ ಹಾಡಿನ ಹಿಂದೆ ಸುಯ್ ಅನ್ನುವ ಸದ್ದು ಇದ್ದೇ ಇರುತ್ತಿತ್ತು. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ. ಹಾಗಾಗಿ 45ರ ವಿನೈಲ್ ಒರೆಸುವ ಐಸೊಪ್ರೊಪೈಲ್ ಬಾಟಲಿಯನ್ನು ಇದರ ಹತ್ತಿರವೂ ತರುವ ಹಾಗಿಲ್ಲ. ಡಿಸ್ಟಿಲ್ಡ್ ವಾಟರ್‌ಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆ ಬ್ರಷ್‌ನಲ್ಲಿ ಗೆರೆ ಹೋದ ದಿಕ್ಕಿಗೇ ಉಜ್ಜುತ್ತೇವೆ. ಮಧ್ಯದ ಕಾಗದದ ಲೇಬಲ್ ನೆನೆಯಬಾರದು. ಅದಕ್ಕೆ ಉಪ್ಪಿನಕಾಯಿ ಡಬ್ಬದ ಮುಚ್ಚಳ ಸರಿಯಾಗಿ ಕೂರುತ್ತದೆ. ದುಬಾರಿ ಸಾಮಾನು ಏನೂ ಬೇಡ.

ಸೂಜಿಯ ವಿಷಯದಲ್ಲಿ ಮಾತ್ರ ಜಿಪುಣತನ ನಡೆಯಲ್ಲ. ಎಲ್‌ಪಿಗೆ ಹಾಕುವ 0.7 ಮಿಲ್‌ನ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಸೂಜಿ 78ರ ಅಗಲ ಗೆರೆಯಲ್ಲಿ ತಳಕ್ಕೆ ಇಳಿದು, ಅಲ್ಲಿ ಕೂತ ಧೂಳನ್ನು ಕೆರೆಯುತ್ತದೆ. ಇದಕ್ಕೆ 3 ಮಿಲ್‌ನದೇ ಬೇಕು. ಇಲ್ಲಿ ಸಿಗದೆ ಕಡೆಗೆ ನ್ಯೂಜೆರ್ಸಿಯಿಂದ ರಜೆಗೆ ಬಂದ ಒಬ್ಬ ಅಭಿಮಾನಿ ತಂದುಕೊಟ್ಟರು. ಅವರ ಅಮ್ಮನ ಪ್ಲೇಟುಗಳೂ ಈಗ ನಮ್ಮ ಕಪಾಟಿನಲ್ಲಿವೆ.

ವೇಗ ನೋಡೋಕೆ ಗೆರೆ ಹಾಕಿದ ಕಾಗದದ ಚಕ್ರ ಮಾಡಿಕೊಂಡಿದ್ದೇವೆ. ನಮ್ಮ ಕರೆಂಟು 50 ಹರ್ಟ್ಸ್. ಹಳೇ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಆ ಬೆಳಕಿನಲ್ಲಿ 77 ಗೆರೆಗಳ ಚಕ್ರ ನಿಂತ ಹಾಗೆ ಕಂಡರೆ 78ರ ವೇಗ ಸರಿ ಇದೆ ಅಂತ ಅರ್ಥ. ಈಗಿನ ಎಷ್ಟೋ ಎಲ್‌ಇಡಿ ಬಲ್ಬುಗಳಲ್ಲಿ ಈ ಮಿಣುಕು ಇಲ್ಲ, ಗೆರೆ ಕಲಸಿಹೋಗುತ್ತದೆ. ಆ ಮನೆಯ ದೇವರ ಕೋಣೆಯ ಜೀರೋ ಬಲ್ಬೇ ನಮಗೆ ಗತಿ. ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಬಹುದು. ಬೇಕು. ಪಿ.ಬಿ.ಎಸ್. ದನಿ ತಗ್ಗಿನದು. ಪ್ಲೇಟು ಸ್ವಲ್ಪ ಜೋರಾಗಿ ತಿರುಗಿದರೂ ಶ್ರುತಿ ಮೇಲೇರಿ, ಹಾಡೋದು ಬೇರೆ ಯಾರೋ ಅನ್ನಿಸುತ್ತದೆ.

ನಾವು ಜಾಸ್ತಿ ಜಗಳ ಆಡಿದ್ದು ಸದ್ದು ತೆಗೆಯುವ ವಿಚಾರಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾಟಕ ಕಂಪನಿಗಳಿಂದ ಬಂದ ಗಾಯಕರಿಗೆ ಕೊನೇ ಸಾಲಿನವರೆಗೂ ದನಿ ಮುಟ್ಟಿಸುವ ಅಭ್ಯಾಸ ಇತ್ತು. ಪಿ.ಬಿ.ಎಸ್. ಹಾಡಿದ್ದು ಮೈಕಿಗೆ. ಕಾಕಿನಾಡದಲ್ಲಿ 1930ರಲ್ಲಿ ಹುಟ್ಟಿದವರು ಮದ್ರಾಸಿಗೆ ಬಂದು, 1952ರಲ್ಲಿ ಜೆಮಿನಿ ಸಂಸ್ಥೆಯ ಒಂದು ಹಿಂದಿ ಚಿತ್ರದಿಂದ ಹಾಡೋಕೆ ಶುರು ಮಾಡಿದರು. ಮರುವರ್ಷವೇ ಕನ್ನಡಕ್ಕೂ ಬಂದರು. ಅವರು ಸಾಲಿನ ಕೊನೆಯನ್ನು ಕತ್ತರಿಸುವುದಿಲ್ಲ. ಕೊನೇ ಅಕ್ಷರವನ್ನು ಮೆಲ್ಲಗೆ ಕೆಳಗಿಟ್ಟು ಹೋಗುತ್ತಾರೆ. ತೊಂದರೆ ಏನಂದರೆ, ಆ ಕೊನೇ ಅಕ್ಷರ ಮತ್ತು ಅರಗಿನ ಸುಯ್ ಸದ್ದು ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ.

1960ರ ಭಕ್ತ ಕನಕದಾಸ ಚಿತ್ರದ ಪ್ಲೇಟು ತೆಗೆದುಕೊಳ್ಳಿ. ಸಂಗೀತ ಎಂ. ವೆಂಕಟರಾಜು ಅವರದ್ದು. ಅದರಲ್ಲಿ 'ಬಾಗಿಲನು ತೆರೆದು' ಇದೆ. ಅಡಾಸಿಟಿ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರ್‌ನಲ್ಲಿ ಸದ್ದು ಇಳಿಸುವ ಗುಂಡಿ ಒತ್ತಿದರೆ ಹಾಡು ತೊಳೆದಿಟ್ಟ ಹಾಗೆ ಆಗುತ್ತದೆ, ನಿಜ. ಆದರೆ 'ಹರಿಯೇ' ಅನ್ನುವಲ್ಲಿ 'ಯೇ' ಇಳಿಯುತ್ತಾ ಹೋಗುತ್ತಲ್ಲ, ಅದರ ಬಾಲ ಸದ್ದಿನ ಜೊತೆಗೇ ಹೋಗಿಬಿಡುತ್ತದೆ. 'ಹ' ಕಾರದ ಉಸಿರೂ ಇಲ್ಲ. ಬಾಗಿಲ ಹೊರಗೆ ನಿಂತು ಬೇಡುವವನ ಹಾಡಿನಲ್ಲಿ ಉಸಿರೇ ಇಲ್ಲದಿದ್ದರೆ ಏನು ಕೇಳೋದು? ನಮ್ಮಲ್ಲಿ ಇಬ್ಬರು, ಈಗಿನ ಹುಡುಗರು ಕೇಳಬೇಕಾದರೆ ಕ್ಲೀನಾಗಿ ಇರಲೇಬೇಕು ಅಂತ ಪಟ್ಟು ಹಿಡಿದರು. ನಾನು ಒಪ್ಪಲಿಲ್ಲ. ಈಗ ರಾಜಿ ಆಗಿದೆ. ಟಕ್ ಟಕ್ ಅನ್ನುವ ಗೀರಿನ ಸದ್ದುಗಳನ್ನು ಒಂದೊಂದಾಗಿ ಕೈಯಲ್ಲೇ ತೆಗೆಯುತ್ತೇವೆ. ಸುಯ್ ಸದ್ದನ್ನು ಮುಟ್ಟುವುದಿಲ್ಲ. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿದ ಮೂಲ ಪ್ರತಿ ಹಾಗೇ ಇರುತ್ತದೆ. ಕ್ಲೀನ್ ಪ್ರತಿ ಬೇಕಾದವರು ಬೇರೆ ಮಾಡಿಕೊಳ್ಳಲಿ.

ಇನ್ನೊಂದು ಉಪಾಯ ಫಲ ಕೊಟ್ಟಿದೆ. ಹಳೇ ಪ್ಲೇಟು ಮೋನೊ. ಗೆರೆಯ ಎರಡು ಗೋಡೆಯಲ್ಲೂ ಇರುವುದು ಒಂದೇ ಹಾಡು. ಎರಡು ಗೋಡೆಯನ್ನೂ ಬೇರೆ ಬೇರೆ ಓದುವ ಸ್ಟೀರಿಯೊ ಕಾರ್ಟ್ರಿಜ್‌ನಲ್ಲಿ (ಸೂಜಿ ಕೂರುವ ತಲೆ) ಇಳಿಸಿ ಎರಡು ಚಾನೆಲ್‌ಗಳನ್ನೂ ಬೇರೆ ಬೇರೆ ಕೇಳಿದರೆ, ಎಷ್ಟೋ ಸಲ ಒಂದು ಗೋಡೆ ಪೂರ್ತಿ ಸವೆದು ಇನ್ನೊಂದು ಚೆನ್ನಾಗಿರುತ್ತದೆ. ಚೆನ್ನಾಗಿರುವುದನ್ನು ಇಟ್ಟುಕೊಂಡರೆ ಆಯ್ತು. 1964ರ ನಾಂದಿ ಚಿತ್ರದ 'ಹಾಡೊಂದ ಹಾಡುವೆ' ಹೀಗೇ ಉಳಿದಿದ್ದು. ವಿಜಯಭಾಸ್ಕರ್ ಅವರ ರಾಗ, ಆರ್.ಎನ್. ಜಯಗೋಪಾಲ್ ಅವರ ಸಾಹಿತ್ಯ. ಕಿವಿ ಕೇಳದ, ಮಾತು ಬಾರದ ಹೆಂಡತಿ ಇರುವ ಮನೆಯ ಕಥೆ ಅದು. ಬಲಗಡೆ ಚಾನೆಲ್‌ನಲ್ಲಿ ಬರೀ ಗೊರಗೊರ. ಎಡಗಡೆ ಹಾಕಿದರೆ ಪಕ್ಕದಲ್ಲೇ ಕೂತು ಮಗುವಿಗೆ ಹೇಳುವ ಹಾಗೆ ಬಂತು.

ನೆನಪಿನ ಪುಸ್ತಕಕ್ಕೆ ಬರೋಣ. ಪಿ.ಬಿ.ಎಸ್. ಬಗ್ಗೆ ಹೇಳಿ ಅಂದರೆ ಹತ್ತರಲ್ಲಿ ಎಂಟು ಜನ ಹೇಳುವುದು ರಾಜ್‌ಕುಮಾರ್ ಬಗ್ಗೆ. ಆ ಟೋಪಿ, ಆ ಕೋಟು, ಆ ನಗು. ಯಾರನ್ನೂ ದೂರೋಕಾಗಲ್ಲ. ಅಷ್ಟು ಚೆನ್ನಾಗಿ ಕೂಡಿಕೊಂಡಿದ್ದರೆ ನೆನಪು ಬೇರೆ ಮಾಡೋದು ಹೇಗೆ? ಚೆನ್ನೈನಲ್ಲಿ ನೆಲೆಸಿದ ಕನ್ನಡದವರೊಬ್ಬರು ಬರೆದದ್ದು ನನಗೆ ತುಂಬಾ ಹಿಡಿಸಿತು. ಪಿ.ಬಿ.ಎಸ್. ತೀರಿಕೊಂಡ ಸುದ್ದಿ ಬಂದ ದಿನ ಅಲ್ಲಿ ತಮಿಳು ಹೊಸ ವರ್ಷ. ಅಕ್ಕಪಕ್ಕದವರೆಲ್ಲ ತಮಿಳು ನಟ ಜೆಮಿನಿ ಗಣೇಶನ್ ದನಿ ಹೋಯ್ತು ಅಂತ ಮರುಗುತ್ತಿದ್ದರಂತೆ. ಬೆಂಗಳೂರಿಂದ ಫೋನ್ ಮಾಡಿದವರು ಅಣ್ಣಾವ್ರ ದನಿ ಹೋಯ್ತು ಅಂದರು. ಜೆಮಿನಿ 2005ರಲ್ಲೇ ಹೋಗಿದ್ದರು, ರಾಜ್ 2006ರಲ್ಲಿ. ಮುಖಗಳು ಮೊದಲು ಹೋದವು, ದನಿ ಆಮೇಲೆ ಹೋಯಿತು.

ಆದ್ದರಿಂದ ಈಗ ಪ್ರಶ್ನೆ ಬದಲಾಯಿಸಿದ್ದೇವೆ. ಯಾವ ಹಾಡು ಇಷ್ಟ ಅಂತ ಕೇಳಲ್ಲ. ಮೊದಲು ಎಲ್ಲಿ ಕೇಳಿದಿರಿ, ಆಗ ಸುತ್ತ ಏನಿತ್ತು ಅಂತ ಕೇಳ್ತೀವಿ. ಉತ್ತರಗಳೇ ಬೇರೆ ಆದವು. ಹಾಸನ ಕಡೆಯ ಒಬ್ಬರು, ಟೆಂಟ್ ಸಿನಿಮಾದ ತಗಡಿನ ಹಾರ್ನು ಎರಡು ಹೊಲದಾಚೆ ಕೇಳಿಸುತ್ತಿತ್ತು, ಗಾಳಿ ತಿರುಗಿದರೆ ಚರಣ ಸಿಗುತ್ತಿರಲಿಲ್ಲ ಅಂದರು. ದಾವಣಗೆರೆಯ ಒಬ್ಬರಿಗೆ ನೆನಪಿರುವುದು ಪಕ್ಕದ ಮನೆಯ ರೇಡಿಯೊ. ಗೋಡೆಗೆ ಕಿವಿ ಇಟ್ಟೇ ಹಾಡು ಕಲಿತರಂತೆ. ಹಳೇ ಮದ್ರಾಸಿನ ಇನ್ನೊಬ್ಬರು ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟೆಲಿನಲ್ಲಿ ಅವರನ್ನು ನೋಡಿದ್ದವರು. ತಲೆಗೆ ಜರಿಯ ಟೋಪಿ, ಹೆಗಲಿಗೆ ಶಾಲು, ಜೇಬಿನ ತುಂಬಾ ಬಣ್ಣಬಣ್ಣದ ಪೆನ್ನು. ಕಾಫಿ ಕುಡಿಯುತ್ತಾ ಬರೆಯುತ್ತಲೇ ಇರುತ್ತಿದ್ದರಂತೆ. ಎಂಟು ಭಾಷೆಯಲ್ಲಿ ಕವಿತೆ ಬರೆದವರಲ್ವಾ. ಆ ಹೋಟೆಲ್ 2008ರಲ್ಲಿ ಮುಚ್ಚಿತು. ಈಗ ಅಲ್ಲಿ ಪಾರ್ಕ್ ಇದೆ.

ಆಟೋ ಸ್ಟ್ಯಾಂಡಿನ ಒಬ್ಬರ ಮಾತು ಬೇರೆಯೇ ಥರ ಇದೆ. ಪಿ.ಬಿ.ಎಸ್. ಹೆಸರೇ ಅವರಿಗೆ ಗೊತ್ತಿರಲಿಲ್ಲ. 1973ರ ಗಂಧದ ಗುಡಿಯ 'ನಾವಾಡುವ ನುಡಿಯೇ' ಹಾಡನ್ನು ಮಾತ್ರ ಪ್ರತಿ ನವೆಂಬರ್ 1ಕ್ಕೆ ಅವರೇ ಹಾಕಿಸುತ್ತಾರೆ. ಹಾಡಿದವರ ಮನೆಮಾತು ತೆಲುಗು, ಇದ್ದಿದ್ದು ಚೆನ್ನೈನಲ್ಲಿ ಅಂದಾಗ, ಸುಮ್ನೆ ಹೇಳ್ಬೇಡಿ ಸಾರ್ ಅಂದರು. ಅದನ್ನು ಹಾಗೇ ಬರೆದುಕೊಂಡಿದ್ದೇವೆ.

45ರ ಪ್ಲೇಟುಗಳಲ್ಲಿ ನನಗೆ ತುಂಬಾ ಹೊತ್ತು ಹಿಡಿದಿದ್ದು 1971ರ ಕಸ್ತೂರಿ ನಿವಾಸದ್ದು. ಜಿ.ಕೆ. ವೆಂಕಟೇಶ್ ಸಂಗೀತ. ಗೊಂಬೆಯ ಹಾಡು ಚಿತ್ರದಲ್ಲಿ ಎರಡು ಸಲ ಬರುತ್ತದೆ, ಒಮ್ಮೆ ಸಂತೋಷಕ್ಕೆ, ಒಮ್ಮೆ ದುಃಖಕ್ಕೆ. ಎರಡನ್ನೂ ಬೆನ್ನಿಗೆ ಬೆನ್ನು ಹಾಕಿ ಕೇಳಿ. ದುಃಖದ್ದರಲ್ಲಿ ಅಳು ಇಲ್ಲ. ಅದೇ ದನಿ, ಇನ್ನೂ ಒಂದು ಮೆಟ್ಟಿಲು ಮೆತ್ತಗೆ. ಬಿಕ್ಕುವ ಕೆಲಸವನ್ನು ಕೇಳುವವರಿಗೆ ಬಿಟ್ಟುಬಿಟ್ಟಿದ್ದಾರೆ. ಈಗಿನ ರಿಯಾಲಿಟಿ ಶೋಗಳಲ್ಲಿ ಇದನ್ನು ಹಾಡುವ ಮಕ್ಕಳು ಎರಡನೇ ಸಾಲಿಗೇ ಕಣ್ಣೊರೆಸಿಕೊಳ್ಳುತ್ತಾರೆ. ಪಾಪ, ಹಾಗೆ ಹೇಳಿಕೊಟ್ಟಿರುತ್ತಾರೆ.

1974ರಲ್ಲಿ ಸಂಪತ್ತಿಗೆ ಸವಾಲ್‌ಗೆ ರಾಜ್‌ಕುಮಾರ್ ತಾವೇ ಹಾಡಿದರು. ಅಲ್ಲಿಂದ ನಮ್ಮ ಪಟ್ಟಿ ತೆಳ್ಳಗಾಗುತ್ತಾ ಹೋಗುತ್ತದೆ. 1975ರ ಮಯೂರದಲ್ಲಿ ಇನ್ನೂ ಪಿ.ಬಿ.ಎಸ್. ಇದ್ದಾರೆ. ಆಮೇಲಿನ ಪ್ಲೇಟುಗಳ ವಿವರದ ಕಾರ್ಡುಗಳನ್ನು ಬರೆಯುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಫೈಲುಗಳನ್ನು ಕಳಿಸಿ ಅಂತ ತುಂಬಾ ಜನ ಕೇಳುತ್ತಿದ್ದಾರೆ. ಕಳಿಸಲ್ಲ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷಕ್ಕೆ ಮುಗಿಯುತ್ತದೆ. ಸಾಹಿತ್ಯ, ಸಂಗೀತದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬಂದು ಕೂತು ಕೇಳಿ, ಕಾಫಿ ಇದೆ.

ಮುಂದಿನ ಕೆಲಸ ಇಷ್ಟು. ಉಳಿದ 78ರವು ಏಪ್ರಿಲ್ ಒಳಗೆ ಆಗಬೇಕು. ಲೇಬಲ್ ಫೋಟೊಗಳಿಗೆ, ಒಳಗಿನ ಖಾಲಿ ಜಾಗದಲ್ಲಿ ಕೊರೆದಿರುವ ಮ್ಯಾಟ್ರಿಕ್ಸ್ ನಂಬರನ್ನು (ಪ್ಲೇಟಿನ ಅಚ್ಚಿನ ಗುರುತು) ಜೋಡಿಸಬೇಕು. ಒಂದೇ ಹಾಡಿನ ಎರಡು ಮುದ್ರಣ ಕೈಗೆ ಬಂದಾಗ ಗೊತ್ತಾಗುವುದು ಅದರಿಂದಲೇ.

ಮತ್ತೆ, ಆ ಚಂದ್ರನ ಪ್ಲೇಟು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಖುಷಿಗೆ ಪಿ.ಬಿ.ಎಸ್. ಇಂಗ್ಲಿಷ್‌ನಲ್ಲಿ ಹಾಡು ಬರೆದು, ಎಸ್. ಜಾನಕಿ ಅವರ ಜೊತೆ ಹಾಡಿ ರೆಕಾರ್ಡ್ ಮಾಡಿಸಿದ್ದರು. ಅದನ್ನು ನೀಲ್ ಆರ್ಮ್‌ಸ್ಟ್ರಾಂಗ್‌ಗೂ ಅಧ್ಯಕ್ಷ ನಿಕ್ಸನ್‌ಗೂ ಕಳಿಸಿಕೊಟ್ಟಿದ್ದರು. ಅವೆನ್ಯೂ ರಸ್ತೆಯಲ್ಲಿ, ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಕೇಳಿ ಕೇಳಿ ಸಾಕಾಗಿದೆ. ಅಂಗಡಿಯವರು ನನ್ನ ಮುಖ ನೋಡಿದರೇ ತಲೆ ಆಡಿಸುತ್ತಾರೆ. ನಿಮ್ಮ ಮನೆಯ ಅಟ್ಟದಲ್ಲೋ ಮಾವನ ಮನೆಯ ಟ್ರಂಕಿನಲ್ಲೋ ಇದ್ದರೆ ದಯವಿಟ್ಟು ತೊಳೆಯೋಕೆ ಹೋಗಬೇಡಿ, ಹೊದಿಕೆಯನ್ನೂ ಬಿಸಾಡಬೇಡಿ. ಧೂಳಿನ ಸಮೇತ ಹಾಗೇ ತನ್ನಿ.