ಸುಷ್ಮಾಳ ನೋಟ್‌ಬುಕ್ಕು, ಮಾವನ ಎಡಗಾಲು

96ನೇ ನಿಮಿಷದಲ್ಲಿ ಮೋಹನ್ ಬಾಗಾನ್‌ನ ಮೆಕ್ಲಾರೆನ್ ಗೋಲು ಹೊಡೆದಾಗ ಮಾವ ರಿಮೋಟ್ ತಗೊಂಡು ಟಿ.ವಿ.ಯ ಸೌಂಡ್ ಪೂರ್ತಿ ಇಳಿಸಿದರು. ಟಿ.ವಿ. ಮಾತ್ರ ಆರಿಸಲಿಲ್ಲ. ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಹಸಿರು, ಮರೂನ್ ಬಾವುಟಗಳು ಸದ್ದಿಲ್ಲದೆ ಹಾರಾಡುತ್ತಿದ್ದವು. 2025ರ ಏಪ್ರಿಲ್ 12, ಶನಿವಾರ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್. 49ನೇ ನಿಮಿಷಕ್ಕೆ ಅವರದೇ ಡಿಫೆಂಡರ್ ಚೆಂಡನ್ನು ತನ್ನ ಗೋಲಿಗೇ ತಳ್ಳಿ ನಮಗೆ ಮುನ್ನಡೆ ಕೊಟ್ಟಿದ್ದ. 72ಕ್ಕೆ ಅವರಿಗೆ ಪೆನಾಲ್ಟಿ ಹೋಯಿತು, 1-1. ಎಕ್ಸ್‌ಟ್ರಾ ಟೈಮ್‌ನಲ್ಲಿ ಪಂದ್ಯವೂ ಹೋಯಿತು. ಮೋಹನ್ ಬಾಗಾನ್ 2, ಬೆಂಗಳೂರು ಎಫ್‌ಸಿ 1.

ಜೀವನಹಳ್ಳಿಯ ಮಾವನ ಮನೆಯಲ್ಲಿ ನಾವು ನಾಲ್ಕು ಜನ ನೋಡುತ್ತಿದ್ದೆವು. ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕ್ ಗ್ಯಾಲರಿಯಲ್ಲಿ ಪರಿಚಯವಾಗಿ ಹತ್ತು ವರ್ಷದಿಂದ ಜೊತೆಗಿರುವ ಡೇವಿಡ್ ಮತ್ತು ಸುಷ್ಮಾ, ನಾನು, ಮಾವ. ಅತ್ತೆ ಒಂದು ದೊಡ್ಡ ತಟ್ಟೆ ಚುರುಮುರಿ ಕಲಸಿಟ್ಟು, ‘ಗೆದ್ರೆ ಎಬ್ಬಿಸಿ’ ಅಂತ ಮಲಗಲು ಹೋಗಿದ್ದರು. ಅವರನ್ನು ಎಬ್ಬಿಸುವ ಪ್ರಸಂಗ ಬರಲಿಲ್ಲ.

ಬಹುಮಾನ ವಿತರಣೆ ನೋಡಬಾರದು ಅಂತ ಎಲ್ಲರಿಗೂ ಗೊತ್ತಿರುತ್ತೆ, ಆದರೂ ನೋಡುತ್ತೇವೆ. ಕಪ್ ಎತ್ತಲು ಅವರ ಕ್ಯಾಪ್ಟನ್ ಸುಭಾಶಿಷ್ ಬೋಸ್ ಬಂದಾಗ ಡೇವಿಡ್ ಪುರಿ ಅಗಿಯೋದು ನಿಲ್ಲಿಸಿದ.

‘ಇವನು ನಮ್ಮ ಹತ್ರ ಇದ್ದೋನೇ ಅಲ್ವಾ?’

‘2017-18, ಒಂದೇ ಸೀಸನ್’ ಅಂದಳು ಸುಷ್ಮಾ. ನೋಟ್‌ಬುಕ್ ತೆಗೆಯದೇ ಹೇಳಿದಳು. ಆಮೇಲೆ ಹೇಗಿದ್ದರೂ ತೆಗೆದಳು.

ಆ ನೋಟ್‌ಬುಕ್ ಬಗ್ಗೆ ಹೇಳಬೇಕು. ಸುಷ್ಮಾ ಬ್ಯಾಂಕಿನವಳು. 2014ರಿಂದ ಬೆಂಗಳೂರಿಗೆ ಬಂದ, ಬೆಂಗಳೂರಿನಿಂದ ಹೋದ ಪ್ರತಿ ಆಟಗಾರನನ್ನೂ ಒಂದು ಇನ್ನೂರು ಪುಟದ ರೂಲ್ಡ್ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಬಂದ ವರ್ಷ, ಬಂದಾಗಿನ ವಯಸ್ಸು, ಹೋದ ವರ್ಷ, ಎಲ್ಲಿಗೆ ಹೋದ ಅಂತ ನಾಲ್ಕು ಕಾಲಂ. ಕೊನೆಗೊಂದು ಸಣ್ಣ ಕಾಲಂ ಇದೆ, ಅದರಲ್ಲಿ ‘ಸರಿ’ ಇಲ್ಲವೇ ‘ತಪ್ಪು’ ಅಂತ ಪೆನ್ಸಿಲ್ಲಲ್ಲಿ ಬರೆದಿರುತ್ತಾಳೆ. ಪೆನ್ಸಿಲ್ ಯಾಕೆ ಅಂದರೆ ಅಭಿಪ್ರಾಯ ಬದಲಾಗುತ್ತಂತೆ. ಉದಾಂತ ಸಿಂಗ್ ಹೆಸರಿನ ಮುಂದೆ ಎಷ್ಟು ಸಲ ಅಳಿಸಿ ಬರೆದಿದ್ದಾಳೆ ಅಂದರೆ ಆ ಜಾಗದಲ್ಲಿ ಕಾಗದವೇ ತೆಳುವಾಗಿದೆ.

ನಮ್ಮ ಜಗಳ ಯಾವಾಗಲೂ ಮೀಕುವಿನಿಂದ ಶುರುವಾಗುತ್ತೆ. ವೆನೆಜುವೆಲಾದವನು. ಮೊದಲ ಐಎಸ್‌ಎಲ್ ಸೀಸನ್ನಿನಲ್ಲೇ 15 ಗೋಲು. 2019ರಲ್ಲಿ ನಾವು ಲೀಗ್ ಗೆದ್ದೆವು, ಅವನು ಹೊರಟ. ಅವನ ಜಾಗಕ್ಕೆ ಯಾರನ್ನು ತಂದರೂ ನಮಗೆ ಸಮಾಧಾನ ಆಗಿಲ್ಲ. ಓನ್ವು ಅಂತೊಬ್ಬ ಬಂದ, ಇಲ್ಲಿ ಒದ್ದಾಡಿದ. ಜನವರಿಯಲ್ಲಿ ಅವನನ್ನು ಒಡಿಶಾ ಕ್ಲಬ್ಬಿಗೆ ಸಾಲವಾಗಿ ಕೊಟ್ಟರೆ ಅಲ್ಲಿ ನಾಲ್ಕು ಪಂದ್ಯಕ್ಕೆ ಏಳು ಗೋಲು ಹೊಡೆದ! ಕ್ಲೀಟನ್ ಸಿಲ್ವಾ ಚೆನ್ನಾಗಿಯೇ ಆಡುತ್ತಿದ್ದ, 2022ರಲ್ಲಿ ಈಸ್ಟ್ ಬೆಂಗಾಲ್‌ಗೆ ಹೋದ, ಮರು ಸೀಸನ್ನಿನಲ್ಲೇ 12 ಗೋಲು. ‘ನಾವು ಬಿಟ್ಟ ಮೇಲೆ ಎಲ್ರೂ ಚೆನ್ನಾಗಾಗ್ತಾರೆ, ಡಿವೋರ್ಸ್ ಆದೋರ ಥರ’ ಅನ್ನೋದು ಡೇವಿಡ್‌ನ ಹಳೆಯ ಡೈಲಾಗು. ಅವತ್ತೂ ಹೇಳಿದ. ಯಾರೂ ನಗಲಿಲ್ಲ.

‘ಮೂವತ್ತು ದಾಟಿದ ಫಾರಿನರ್‌ಗಳನ್ನೇ ತರೋದು, ಎರಡು ವರ್ಷ ಆಡಿಸೋದು, ಕಳಿಸೋದು. ಕೈಯಲ್ಲೇನು ಉಳೀತು? ಬಾಡಿಗೆ ಮನೆಗೆ ಪೇಂಟ್ ಹೊಡೆಸಿದ ಹಾಗೆ’ ಅಂದಳು ಸುಷ್ಮಾ. ಅವಳ ಸಿಟ್ಟಿನ ತಿರುಳು ಇದು: ನಮ್ಮಲ್ಲಿ ಹೆಚ್ಚಿನವರು ಕಾಂಟ್ರಾಕ್ಟ್ ಮುಗಿದ ಮೇಲೆ ಫ್ರೀಯಾಗಿ ಹೋಗುತ್ತಾರೆ. ಮುಗಿಯಲು ಆರು ತಿಂಗಳಿರುವಾಗಲೇ ಬೇರೆ ಕ್ಲಬ್ಬಿನವರ ಜೊತೆ ಮಾತಾಡಿ ಸಹಿ ಹಾಕಲು ಫಿಫಾ ನಿಯಮದಲ್ಲೇ ಅವಕಾಶವಿದೆ. ಹಾಗಾಗಿ ಹುಡುಗನನ್ನು ಬೆಳೆಸಿದ ಕ್ಲಬ್ಬು ಇನ್ನೊಂದು ವರ್ಷ ಬಾಕಿ ಇರುವಾಗಲೇ ಕೂರಿಸಿ ಮಾತಾಡಬೇಕು. ತಡವಾದರೆ ಹುಡುಗನೂ ಇಲ್ಲ, ದುಡ್ಡೂ ಇಲ್ಲ. ಯುರೋಪಿನಲ್ಲಿ ಆಟಗಾರರನ್ನು ಮಾರಿದ ದುಡ್ಡಲ್ಲೇ ಎಷ್ಟೋ ಕ್ಲಬ್ಬುಗಳು ಬದುಕುತ್ತವೆ, ಇಲ್ಲಿ ಮಾರಾಟ ಅನ್ನೋದೇ ಅಪರೂಪ.

ಡೇವಿಡ್ ಗೌತಮಪುರದವನು. ಹಲಸೂರಿನ ಪಕ್ಕದ ಆ ಗಲ್ಲಿಯಲ್ಲಿ ಪೆಲೆಯ ಪ್ರತಿಮೆ ಇದೆ, ವರ್ಲ್ಡ್ ಕಪ್ ಬಂದರೆ ಬೀದಿಯೆಲ್ಲ ಬ್ರೆಜಿಲ್ ಹಳದಿ. ಅವನಿಗೆ ಲೆಕ್ಕಪತ್ರ ಬೇಕಿಲ್ಲ. ‘2023-24ರಲ್ಲಿ ಹನ್ನೆರಡು ಟೀಮಲ್ಲಿ ಹತ್ತನೇದು ಬಂದ್ವಿ. ಆಮೇಲೆ ಮುಂಬೈಯಿಂದ ಮೂರು ಜನ ತಂದ್ರು, ನೊಗೇರಾ, ಪೆರೇರಾ ದಿಯಾಜ್, ನಮ್ಮ ಹಳೇ ಭೇಕೆ. ಎಲ್ರೂ ಮುದುಕರೇ ಅಂದ್ಕೋ. ಎರಡು ವಾರದ ಹಿಂದೆ ಅದೇ ಮುಂಬೈಗೆ ಕಂಠೀರವದಲ್ಲಿ ಐದು ಹೊಡೆದಾಗ ಗ್ಯಾಲರಿ ಮೇಲೆ ಹತ್ತಿ ಕುಣಿದೋಳು ಯಾರು ತಾಯಿ?’

ಕುಣಿದಿದ್ದು ನಿಜ. ಸುಷ್ಮಾ ಪುಟ ಮಗುಚಿದಳು. ಭೇಕೆ ಎರಡು ಕಡೆ ಇದ್ದ: 2017ರಲ್ಲಿ ಒಂದು ಸಾಲು, 2024ರಲ್ಲಿ ಇನ್ನೊಂದು. ಎರಡಕ್ಕೂ ‘ಸರಿ’. ಮಧ್ಯದಲ್ಲಿ 2021ರಲ್ಲಿ ಬಿಟ್ಟುಕೊಟ್ಟಿದ್ದಕ್ಕೆ ಮಾತ್ರ ಎರಡು ಸಲ ತಿದ್ದಿದ ‘ತಪ್ಪು’. 2019ರ ಫೈನಲ್‌ನಲ್ಲಿ ಎಕ್ಸ್‌ಟ್ರಾ ಟೈಮ್‌ನಲ್ಲಿ ಗೋವಾ ಮೇಲೆ ಹೆಡರ್ ಹೊಡೆದು ಕಪ್ ಕೊಟ್ಟವನನ್ನು ಬಿಡುತ್ತಾರಾ ಅನ್ನೋದು ಅವಳ ವಾದ. ನನ್ನದೂ ಅದೇ.

ನಾನು ಬಾಯಿ ಹಾಕಿದ್ದು ಆಗ. ಹಾಕಬಾರದಿತ್ತು. ‘ನಮ್ಮೂರ ಹುಡುಗರನ್ನ ಯಾಕೆ ತಗೊಳಲ್ಲ? 2023ರಲ್ಲಿ ರಿಯಾದ್‌ಗೆ ಹೋಗಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದು ಬಂತು. ಮೇಘಾಲಯ ಮೇಲೆ 3-2. ಮೈಸೂರು ಅಂತ ಹೆಸರಿದ್ದಾಗ 1968-69ರಲ್ಲಿ ಗೆದ್ದಿದ್ದು, 54 ವರ್ಷ ಆದ್ಮೇಲೆ. ಆ ಟೀಮಿಂದ ನಾಲ್ಕು ಜನ ನಮ್ಮಲ್ಲಿ ಇರಬೇಕಿತ್ತೋ ಇಲ್ವೋ? ಈ ವಿನೀತ್ ವೆಂಕಟೇಶ್‌ನ ನೋಡಿ, ಹತ್ತೊಂಬತ್ತು ವರ್ಷ, ಸೀಸನ್ನಿನ ಮೊದಲ ಮ್ಯಾಚಲ್ಲೇ ಈಸ್ಟ್ ಬೆಂಗಾಲ್ ಮೇಲೆ ಗೆಲ್ಲೋ ಗೋಲು. ಬೆಂಗಳೂರು ಅಂತ ಹೆಸರಿಟ್ಟುಕೊಂಡು...’

ಸುಷ್ಮಾ ನನ್ನ ಎದೆ ಕಡೆ ಬೆರಳು ತೋರಿಸಿ, ‘ತಿರುಗು’ ಅಂದಳು.

ನಾನು ಹಾಕಿಕೊಂಡಿದ್ದು ಹಳೆಯ ನೀಲಿ ಜೆರ್ಸಿ. ಒಗೆದು ಒಗೆದು ಬೆನ್ನಿನ ಅಕ್ಷರ ಸಿಪ್ಪೆ ಎದ್ದಿದೆ. ಆದರೂ ಮೀಕು ಅಂತ ಓದಬಹುದು.

‘ಇವನು ಯಾವೂರೋನು, ಮಾಗಡೀನಾ?’

ಈ ಸಲ ನಕ್ಕರು, ಡೇವಿಡ್ ಅಂತೂ ಕೆಮ್ಮುವವರೆಗೆ ನಕ್ಕ. ನನಗೆ ಉತ್ತರ ತೋಚಲಿಲ್ಲ. ಮೀಕು ಒಂದು ದಿನವೂ ಕನ್ನಡದಲ್ಲಿ ನಾಲ್ಕು ಮಾತಾಡಿದ್ದು ನಾನು ಕೇಳಿಲ್ಲ, ಕೇಳಬೇಕು ಅಂತ ಅನಿಸಿಯೂ ಇರಲಿಲ್ಲ. ನಲವತ್ತು ವರ್ಷ ದಾಟಿ ಆ ಸೀಸನ್ನಿನಲ್ಲಿ 14 ಗೋಲು ಹೊಡೆದ ಛೆಟ್ರಿಯನ್ನು ನಾವು ಹೊರಗಿನವನು ಅಂತ ಯಾವತ್ತು ಅಂದಿದ್ದೇವೆ? ಹುಟ್ಟಿದ್ದು ಸಿಕಂದರಾಬಾದ್‌ನಲ್ಲಿ. ನಾನು ‘ನಮ್ಮೂರ ಹುಡುಗರು’ ಅನ್ನೋದು ಸೋತ ರಾತ್ರಿಗಳಲ್ಲಿ ಮಾತ್ರ ಅಂತ ಆಗಲೇ ಹೊಳೆದಿದ್ದು.

ಮಾವ ಇಷ್ಟು ಹೊತ್ತು ಮಾತಾಡಿರಲಿಲ್ಲ. ಅವರು ಪಂದ್ಯವನ್ನೂ ನಮ್ಮ ಹಾಗೆ ನೋಡುವವರಲ್ಲ. ಚೆಂಡು ಎಲ್ಲೇ ಇರಲಿ, ಅವರ ಕಣ್ಣು ಎಡಗಡೆ ಕಾಯುವ ಡಿಫೆಂಡರ್, ಲೆಫ್ಟ್‌ಬ್ಯಾಕ್ ಮೇಲೆ. ‘ಒಳಗೆ ಬಂದ ನೋಡು, ಲೈನ್ ಬಿಟ್ಟ, ಬಿಡಬಾರದು’ ಅಂತ ಗೊಣಗುತ್ತಿರುತ್ತಾರೆ. ಯಾಕೆಂದರೆ ಅವರೂ ಲೆಫ್ಟ್‌ಬ್ಯಾಕ್. ಎಂಬತ್ತರ ದಶಕದಲ್ಲಿ ಒಂದು ಸರ್ಕಾರಿ ಕಾರ್ಖಾನೆಯ ಟೀಮಿಗೆ ಆಡಿದವರು.

‘ನಮ್ ಕಾಲದಲ್ಲಿ ಟ್ರಾನ್ಸ್‌ಫರು ಅಂದ್ರೆ ಕೆಲಸ ಕಣ್ರೋ’ ಅಂದರು. ಆಗ ಬೆಂಗಳೂರಿನ ದೊಡ್ಡ ಟೀಮುಗಳೆಲ್ಲ ಕಾರ್ಖಾನೆಗಳದ್ದು, ಇಲಾಖೆಗಳದ್ದು, ಸೇನೆಯದ್ದು: ಎಚ್‌ಎಎಲ್, ಟೆಲಿಫೋನ್ ಕಾರ್ಖಾನೆ ಐಟಿಐ, ರಡಾರ್ ಸಂಶೋಧನೆಯ ಎಲ್‌ಆರ್‌ಡಿಇ, ಸೇನೆಯ ಎಂಇಜಿ. ಆಟಗಾರನಿಗೆ ಕೊಡುತ್ತಿದ್ದ ಬೆಲೆ ನೌಕರಿ. ಟೀಮ್ ಮ್ಯಾನೇಜರ್ ಮನೆಗೆ ಬಂದು, ಚಾಪೆ ಮೇಲೆ ಕೂತು, ಅವರ ಅಪ್ಪನ ಹತ್ತಿರ ಮಾತಾಡಿದರಂತೆ. ಹುಡುಗ ಏನು ಆಡುತ್ತಾನೆ ಅನ್ನೋದು ಒಂದು ಮಾತಿಗೂ ಬರಲಿಲ್ಲವಂತೆ. ಪರ್ಮನೆಂಟಾ, ಕ್ವಾರ್ಟರ್ಸ್ ಸಿಗುತ್ತಾ, ಅಷ್ಟೇ. ಬೆಳಿಗ್ಗೆ ಪ್ರಾಕ್ಟೀಸು, ಊಟದ ಮೇಲೆ ಡ್ಯೂಟಿ. ಆಸ್ಟಿನ್ ಟೌನ್ ಕಡೆ ಸ್ಟೇಡಿಯಂನಲ್ಲಿ ಲೀಗ್ ಮ್ಯಾಚಿದ್ದ ದಿನ ಅರ್ಧ ದಿನ ರಜೆ.

‘ಕೋಲ್ಕತ್ತದೋರು ಬರಲಿಲ್ವಾ ಅಂಕಲ್?’ ಡೇವಿಡ್ ಕೇಳಿದ.

‘ಬಂದಿದ್ರು, ಯಾಕೆ ಬರಲ್ಲ? ಅವರು ಯಾವಾಗಿಂದ ಬರ್ತಿದಾರೆ ಗೊತ್ತಾ?’ ಮಾವ ಅಹ್ಮದ್ ಖಾನ್ ಕಥೆ ತೆಗೆದರು. ಬೆಂಗಳೂರಿನ ಹುಡುಗ, 1948ರ ಲಂಡನ್ ಒಲಿಂಪಿಕ್ಸ್ ಆಡಿದವನು. 1949ರಲ್ಲಿ ಈಸ್ಟ್ ಬೆಂಗಾಲ್‌ಗೆ ಹೋದ. ಅಲ್ಲಿನ ಐದು ಜನ ಫಾರ್ವರ್ಡ್‌ಗಳನ್ನು ಬಂಗಾಳದವರು ಪಂಚಪಾಂಡವರು ಅಂತಲೇ ಕರೆದರು: ಅಪ್ಪಾರಾವ್, ಧನರಾಜ್, ಸಾಲೆ, ವೆಂಕಟೇಶ್, ಅಹ್ಮದ್ ಖಾನ್. ‘ಹೆಸರು ನೋಡು, ಬಂಗಾಳಿ ಎಷ್ಟು ಜನ ಇದಾರೆ ಅದರಲ್ಲಿ? ಅವರ ಟೀಮ್ ಅಂತ ಅವರು ಅಳಲಿಲ್ಲವಾ, ಕುಣೀಲಿಲ್ಲವಾ?’

ಕೋಲ್ಕತ್ತದಲ್ಲಿ ಸಹಿ ಹಾಕಿಸುವ ದಿನ ಬರುವವರೆಗೂ ಆಟಗಾರರನ್ನು ಎದುರಾಳಿ ಕ್ಲಬ್ಬಿನವರ ಕಣ್ಣಿಗೆ ಬೀಳದ ಹಾಗೆ ಬಚ್ಚಿಡುತ್ತಿದ್ದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಮಾವನನ್ನು ಯಾರೂ ಬಚ್ಚಿಡಲಿಲ್ಲ. ಒಬ್ಬರು ಬಂದರು, ಕಂಟೋನ್ಮೆಂಟ್ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲ್‌ನಲ್ಲಿ ಕಾಫಿ ಕುಡಿಸಿದರು, ಒಂದು ಲಕೋಟೆ ತೋರಿಸಿದರು. ಮಾವ ಲಕೋಟೆ ಮುಟ್ಟಲಿಲ್ಲ. ಮದುವೆ ಗೊತ್ತಾಗಿತ್ತು, ಕ್ವಾರ್ಟರ್ಸ್ ಅಲಾಟ್ ಆಗಿತ್ತು.

‘ಲಕೋಟೇಲಿ ಎಷ್ಟಿತ್ತು?’ ಸುಷ್ಮಾ ಕೇಳಿದಳು. ಬ್ಯಾಂಕಿನವಳಲ್ಲವೇ.

‘ತೆಗೆದು ನೋಡಿದ್ರೆ ಹೋಗ್ಬಿಡ್ತಿದ್ದೆ ಅಂತಲೇ ನೋಡಲಿಲ್ಲ ಕಣಮ್ಮ.’

ಎದ್ದು ಹೋಗಿ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಒಳಗೆ ನೇಮಕಾತಿ ಪತ್ರ. ಈರುಳ್ಳಿ ಸಿಪ್ಪೆಯಂಥ ಹಾಳೆ, ಟೈಪ್ ಮಾಡಿದ ಅಕ್ಷರ ಹಿಂದುಗಡೆ ಉಬ್ಬಿ ಬಂದಿದೆ, ಮಡಿಕೆಯ ಗೆರೆಯಲ್ಲಿ ಸೆಲ್ಲೋಟೇಪ್ ಹಳದಿಯಾಗಿದೆ. ಹುದ್ದೆ: ಹೆಲ್ಪರ್. ಕೆಳಗೆ ಕೈಬರಹದಲ್ಲಿ ಯಾರೋ ‘ಫುಟ್‌ಬಾಲ್’ ಅಂತ ಬರೆದು ಗೆರೆ ಎಳೆದಿದ್ದಾರೆ. ಎಷ್ಟು ವರ್ಷ ಆಡಬೇಕು, ಮಂಡಿ ಹೋದರೆ ಏನು ಅಂತ ಎಲ್ಲೂ ಇಲ್ಲ. ಮಾವನ ಎಡಮಂಡಿ ಆರನೇ ಸೀಸನ್ನಿನಲ್ಲಿ ಹೋಯಿತು. ನೌಕರಿ ಮಾತ್ರ ಅರವತ್ತು ತುಂಬುವವರೆಗೂ ಇತ್ತು. ಸೂಪರ್‌ವೈಸರ್ ಆಗಿ ರಿಟೈರ್ ಆದರು.

ಸುಷ್ಮಾ ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ಓದಿದಳು. ‘ಇಂಥ ಕಾಂಟ್ರಾಕ್ಟು ಈಗ ಯಾರ್ ಕೊಡ್ತಾರೆ ಅಂಕಲ್’ ಅಂದಳು. ಡೇವಿಡ್ ಮಾತ್ರ, ‘ಹೋಗಬೇಕಿತ್ತು ನೀವು’ ಅಂದ. ಮಾವ ಅವನನ್ನು ನೋಡಿ ಏನೋ ಹೇಳಲು ಹೊರಟು, ಅತ್ತೆ ಮಲಗಿದ್ದ ಕೋಣೆಯ ಬಾಗಿಲು ನೋಡಿ ಸುಮ್ಮನಾದರು.

ಹೊರಡುವಾಗ ಹನ್ನೆರಡೂವರೆ. ಮುಂದಿನ ಸೀಸನ್ನಿಗೆ ಸ್ಟ್ರೈಕರ್ ಬೇಕೇ, ಸೆಂಟರ್‌ಬ್ಯಾಕ್ ಬೇಕೇ ಅಂತ ಬೈಕ್ ಸ್ಟ್ಯಾಂಡ್ ತೆಗೆಯುತ್ತಲೇ ಇನ್ನರ್ಧ ಗಂಟೆ ನಡೆಯಿತು. ಬೀದಿನಾಯಿ ಬೊಗಳಿದ ಮೇಲೆ ಚದುರಿದೆವು.

ಭಾನುವಾರ ಬೆಳಿಗ್ಗೆ ಏಳಕ್ಕೇ ಮಾವನ ಫೋನು. ನಾನು ಹಾಸಿಗೆ ಬಿಟ್ಟಿರಲಿಲ್ಲ. ಸೋಲಿನ ಮಾತು ಎತ್ತಲೇ ಇಲ್ಲ.

‘ಆ ರೋಶನ್ ಇದಾನಲ್ಲ, ಎಡಗಡೆ ಆಡೋ ಮಣಿಪುರದ ಹುಡುಗ. ಅವನ ಕಾಂಟ್ರಾಕ್ಟು ಎಷ್ಟು ವರ್ಷ ಇದೆಯಂತೆ? ಆ ಬ್ಯಾಂಕ್ ಹುಡುಗೀನ ಕೇಳಿ ಹೇಳೋ.’