ತೋಟದ ರೈಟರ್ ಕೆಲಸಕ್ಕೆ ಇಂಟರ್‌ವ್ಯೂ ಕೊಡುವವರಿಗೆ

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ನಾನು ಮ್ಯಾನೇಜರ್. ರೈಟರ್, ಅಂದರೆ ತೋಟದ ಲೆಕ್ಕ, ಹಾಜರಿ ನೋಡಿಕೊಳ್ಳುವವರ ಕೆಲಸ ಖಾಲಿಯಾದಾಗ ಇಂಟರ್‌ವ್ಯೂ ಮಾಡುವುದು ನನ್ನ ಪಾಲಿಗೇ ಬರುತ್ತದೆ. ಬರುವವರಲ್ಲಿ ಜಾಸ್ತಿ ಜನ ಬಿಕಾಂ ಮುಗಿಸಿದ ಹುಡುಗ ಹುಡುಗಿಯರು. ಓದು ಚೆನ್ನಾಗಿರುತ್ತದೆ. ಆದರೆ "ಯಾವ ಕೆಲಸ ಕೊಟ್ಟರೂ ಮಾಡ್ತೀನಿ ಸಾರ್" ಅಂತ ಬಾಯಿಪಾಠ ಒಪ್ಪಿಸಿ ಸುಮ್ಮನಾಗುತ್ತಾರೆ. ಆ ಮಾತಿನಿಂದ ನಮಗೆ ಏನೂ ಗೊತ್ತಾಗುವುದಿಲ್ಲ.

ಈ ಕೆಲಸ ಏನು ಅಂತ ಸ್ವಲ್ಪ ವಿಚಾರಿಸಿಕೊಂಡು ಬನ್ನಿ. ರೈಟರ್ ಅಂದರೆ ಬರೀ ಲೆಕ್ಕ ಬರೆಯುವುದಲ್ಲ. ಬೆಳಿಗ್ಗೆ ಹಾಜರಿ ಹಾಕಬೇಕು, ಮಳೆ ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಅಂತ ಬರೆದಿಡಬೇಕು, ತೋಟದ ಯಾವ ಭಾಗಕ್ಕೆ, ಅಂದರೆ ಯಾವ ಬ್ಲಾಕಿಗೆ ಎಷ್ಟು ಆಳು ಅಂತ ನೋಡಬೇಕು. ನವೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಕೊಯ್ಲು, ಅದರ ಬೆನ್ನಿಗೇ ಇನ್ನೊಂದು ಜಾತಿ ರೋಬಸ್ಟಾ. ಸಂಜೆ ಆಳುಗಳು ಕೊಯ್ದ ಹಣ್ಣಿನ ತೂಕ ಹಾಕುವಾಗ ಎಲ್ಲರಿಗೂ ಮನೆಗೆ ಹೋಗುವ ಅವಸರ. ಜಗಳ ಹುಟ್ಟುವುದೂ ಆಗಲೇ.

ಅದಕ್ಕೇ ಒಂದು ಪ್ರಶ್ನೆ ಕೇಳೇ ಕೇಳುತ್ತೇನೆ. "ನೀವು ಬರೆದ ತೂಕ ಕಡಿಮೆ ಅಂತ ಯಾರಾದರೂ ತಕರಾರು ತೆಗೆದರೆ ಏನು ಮಾಡ್ತೀರಿ?" ಹೆಚ್ಚಿನವರು "ಮ್ಯಾನೇಜರಿಗೆ ಹೇಳ್ತೀನಿ" ಅನ್ನುತ್ತಾರೆ. ಸೋಮವಾರಪೇಟೆ ಕಡೆಯಿಂದ ಬಂದ ಒಬ್ಬ ಹುಡುಗಿ ಮಾತ್ರ ತಕ್ಷಣ ಉತ್ತರ ಕೊಡಲಿಲ್ಲ. ಸ್ವಲ್ಪ ಯೋಚಿಸಿ, "ಚೀಲ ಇನ್ನೂ ಅಲ್ಲೇ ಇದ್ದರೆ ಅವರ ಎದುರೇ ಇನ್ನೊಂದು ಸಲ ತೂಕ ಹಾಕ್ತೀನಿ. ರಾಶಿಗೆ ಸುರಿದಾಗಿದ್ದರೆ ಏನೂ ಮಾಡೋಕಾಗಲ್ಲ ಅಲ್ವಾ ಸಾರ್. ಅದಕ್ಕೆ ಸುರಿಯೋ ಮುಂಚೆನೇ ತೂಕ ಜೋರಾಗಿ ಓದಿ ಹೇಳ್ತೀನಿ" ಅಂದಳು. ತೋಟದಲ್ಲಿ ಅವಳು ಕೆಲಸ ಮಾಡಿರಲಿಲ್ಲ. ಊರಿನ ಡೇರಿಯಲ್ಲಿ ಹಾಲು ಅಳೆಯುವುದನ್ನು ನೋಡಿದ್ದಳಂತೆ. ಕಣ್ಣಾರೆ ಕಂಡದ್ದನ್ನು ಇಲ್ಲಿಗೆ ಹೊಂದಿಸಿ ಯೋಚಿಸಿದ್ದು ನನಗೆ ಬಹಳ ಹಿಡಿಸಿತು. ಅವಳನ್ನೇ ತಗೊಂಡೆವು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳಿ. ಗಿಡಕ್ಕೆ ಶಿಲೀಂಧ್ರ ರೋಗ ಬರದಂತೆ ಮಳೆಗಾಲಕ್ಕೆ ಮುಂಚೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಕೇಳಿದರೆ ಅಂದಾಜಿಗೆ ಅಳತೆ ಹೇಳಬೇಡಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅಂತ ಕಲಿಸಲು ಎಷ್ಟು ಹೊತ್ತು ಬೇಕು? ಆದರೆ ಗೊತ್ತಿದೆ ಅಂತ ಹೇಳಿ ಸುಣ್ಣ ಕಡಿಮೆ ಹಾಕಿದರೆ ಎಲೆ ಸುಟ್ಟುಹೋಗುತ್ತದೆ. ಅಂಥವರನ್ನು ನಂಬಿ ತೋಟ ಬಿಡುವುದು ಹೇಗೆ?

ಬಟ್ಟೆ ಶುಚಿಯಾಗಿದ್ದರೆ ಸಾಕು, ಟೈ ಬೇಡ. ನಡೆಯಲು ಆಗುವ ಶೂ ಹಾಕಿಕೊಳ್ಳಿ, ಮಾತಾಡುತ್ತಾ ತೋಟದೊಳಗೆ ಒಂದು ಸುತ್ತು ಹೋಗುತ್ತೇವೆ. ಜುಲೈನಲ್ಲಿ ಕರೆದಿದ್ದರೆ ಒಂದು ಬಸ್ಸು ಮುಂಚೆಯೇ ಹೊರಡಿ. ಮರ ಬಿದ್ದು ರಸ್ತೆ ಬಂದ್ ಆದರೆ ಫೋನ್ ಮಾಡಿ ತಿಳಿಸಿ, ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಕೊನೆಗೆ "ನಿಮಗೇನಾದರೂ ಕೇಳೋದಿದೆಯಾ?" ಅಂದಾಗ ದಯವಿಟ್ಟು ಕೇಳಿ. ಸಂಬಳ ಎಷ್ಟು, ಇರಲು ಮನೆ ಕೊಡ್ತೀರಾ, ರಜೆ ಯಾವಾಗ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಹಾಗೇ ಕೆಲಸದ ಬಗ್ಗೆಯೂ ಒಂದು ಪ್ರಶ್ನೆ ಇರಲಿ. "ರಾತ್ರಿ ಆನೆ ಬಂದಿದ್ದರೆ ಬೆಳಿಗ್ಗೆ ಆಳುಗಳನ್ನು ಯಾವ ಬ್ಲಾಕಿಗೆ ಕಳಿಸ್ತೀರಿ?" ಅಂತ ಒಬ್ಬ ಹುಡುಗ ಕೇಳಿದ್ದ. ನಮ್ಮ ಕಡೆ ರೈಟರ್ ಆಗುವವರು ಮೊದಲು ತಿಳಿದುಕೊಳ್ಳಬೇಕಾದದ್ದೇ ಅದು.